ಲಕ್ವಾದ ನಂತರ ಎಕೋ: ಯಾವ ಪ್ರಶ್ನೆಗೆ ಉತ್ತರ?

2018ರ ಜನವರಿಯಲ್ಲಿ ಅಮೆರಿಕದ ಹೃದಯ ಸಂಘವೂ ಅದರ ಅಂಗವಾದ ಪಾರ್ಶ್ವವಾಯು ಸಂಘವೂ ಸೇರಿ ವೈದ್ಯರಿಗಾಗಿ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿದವು. ಮೆದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವಾ ಆದ ಎಲ್ಲ ರೋಗಿಗಳಿಗೂ ವಾಡಿಕೆಯಂತೆ ಎಕೋ ಪರೀಕ್ಷೆ ಮಾಡುವುದು ಖರ್ಚಿಗೆ ತಕ್ಕ ಫಲ ಕೊಡುವುದಿಲ್ಲ, ಆದ್ದರಿಂದ ಅದನ್ನು ಶಿಫಾರಸು ಮಾಡುವುದಿಲ್ಲ ಎಂಬ ಅಭಿಪ್ರಾಯ ಅದರಲ್ಲಿತ್ತು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಆ ಅಭಿಪ್ರಾಯವಿದ್ದ ಇಡೀ ವಿಭಾಗವನ್ನೇ ಮಾರ್ಗಸೂಚಿಯಿಂದ ಕೈಬಿಡಲಾಯಿತು! 2021ರಲ್ಲಿ ಅವೇ ಸಂಘಗಳು ಹೊರತಂದ ಇನ್ನೊಂದು ಮಾರ್ಗಸೂಚಿ, ಕಾರಣ ಪತ್ತೆಯಾಗದ ಲಕ್ವಾದಲ್ಲಿ ಎಕೋ ಮಾಡುವುದು ಯುಕ್ತ ಎಂದಿತು.

ಮೂರು ವರ್ಷಗಳಲ್ಲಿ ಇಷ್ಟು ಓಲಾಟ ಏಕೆ? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೆ ನಾವು ಮೊದಲು ಕೇಳುವುದು 'ಏನನ್ನು ತಿಳಿಯಲು ಅಳೆಯುತ್ತಿದ್ದೀಯಾ?' ಎಂದು. ಅಳತೆಯ ಬೆಲೆ ಉಪಕರಣದಲ್ಲಿ ಇರುವುದಿಲ್ಲ, ಪ್ರಶ್ನೆಯಲ್ಲಿ ಇರುತ್ತದೆ. ಅಮೆರಿಕದ ವೈದ್ಯರ ಪ್ರಶ್ನೆ 'ಈ ಲಕ್ವಾಕ್ಕೆ ಹೃದಯ ಕಾರಣವೆ?' ಎಂಬುದು. ಅದು ಅಲ್ಲಿಗೆ ಸರಿ. ಆದರೆ ಅದೇ ಮಾರ್ಗಸೂಚಿಯನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೋಗಿಗೆ ಇದ್ದಂತೆಯೇ ಅನ್ವಯಿಸಿದರೆ, ಎಕೋ ಮೊದಲು ಯಾರಿಗೆ ಆಗಬೇಕೋ ಅವರೇ ಸರದಿಯ ಕೊನೆಗೆ ಬೀಳುತ್ತಾರೆ. ಈ ಲೇಖನದ ತಕರಾರು ಇಷ್ಟೇ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲಿಗೆ ಒಂದು ಎಚ್ಚರಿಕೆ. ಲಕ್ವಾ ಹೊಡೆದ ಮೊದಲ ಗಂಟೆಗಳಲ್ಲಿ ಎಕೋಗೆ ಸ್ಥಾನವಿಲ್ಲ. ಬಾಯಿ ವಾರೆಯಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದ ಕೂಡಲೇ ಬೇಕಾಗುವುದು ತಲೆಯ ಸಿ.ಟಿ. ಸ್ಕ್ಯಾನ್. ರಕ್ತನಾಳ ಒಡೆದಿದೆಯೋ ಕಟ್ಟಿಕೊಂಡಿದೆಯೋ ಎಂಬುದು ಅದರಿಂದ ಗೊತ್ತಾಗುತ್ತದೆ. ಕಟ್ಟಿಕೊಂಡಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತಿನಲ್ಲಿ 'ಎಕೋ ಆಗಲಿ, ಆಮೇಲೆ ನೋಡೋಣ' ಎಂದು ಕೂರುವುದು ಗಡಿಯಾರವನ್ನು ಕೈಯಾರೆ ಮುಂದೆ ತಿರುಗಿಸಿದಂತೆ. ಎಕೋದ ಕೆಲಸ ಶುರುವಾಗುವುದು ಅನಂತರ, ಇನ್ನೊಂದು ಲಕ್ವಾ ಬರದಂತೆ ಯಾವ ಔಷಧಿ ಕೊಡಬೇಕು ಎಂದು ನಿರ್ಧರಿಸುವಾಗ.

ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಾಗಳಲ್ಲಿ ಸುಮಾರು ಐದರಲ್ಲೊಂದು ಹೃದಯದಿಂದ ಹೊರಟ ತುಣುಕಿನಿಂದ ಆಗುತ್ತದೆ. ಆ ತುಣುಕು ಯಾವುದು ಎಂಬುದರ ಮೇಲೆ ಚಿಕಿತ್ಸೆ ತಲೆಕೆಳಗಾಗುತ್ತದೆ. ಹೃದಯಾಘಾತದ ನಂತರ ಎಡ ಹೃತ್ಕುಕ್ಷಿಯ ತುದಿಯಲ್ಲಿ ಹೆಪ್ಪು ಕೂತಿದ್ದರೆ ಕೆಲವು ತಿಂಗಳು ಹೆಪ್ಪುರೋಧಕ ಮಾತ್ರೆ ಬೇಕು. ಕವಾಟದ ಮೇಲೆ ಸೋಂಕಿನ ಗಂಟು ಬೆಳೆದಿದ್ದರೆ ವಾರಗಟ್ಟಲೆ ಪ್ರತಿಜೈವಿಕ ಬೇಕು. ಅಂಥವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಹೃತ್ಕರ್ಣದಲ್ಲಿ ಮಿಕ್ಸೋಮಾ ಎಂಬ ಗಡ್ಡೆ ತೂಗಾಡುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ಮೂವರಿಗೂ ಬಂದದ್ದು ಲಕ್ವಾವೇ, ಮೂವರ ಸಿ.ಟಿ.ಯಲ್ಲೂ ಕಾಣುವುದು ಹೆಚ್ಚುಕಡಿಮೆ ಅದೇ ಕಪ್ಪು ಕಲೆ. ಇವು ಅಪರೂಪ, ನಿಜ. ನಮ್ಮ ಭಾಗಕ್ಕೆ ಹೆಚ್ಚು ಮುಖ್ಯವಾದುದು ಬೇರೆ ಇದೆ.

ಕಂಪಿಸುವ ಹೃತ್ಕರ್ಣ, ಕಿರಿದಾದ ಕವಾಟ

ಹೃತ್ಕರ್ಣ ಲಯಬದ್ಧವಾಗಿ ಸಂಕುಚಿಸುವುದನ್ನು ಬಿಟ್ಟು ಅಡ್ಡಾದಿಡ್ಡಿ ಕಂಪಿಸತೊಡಗಿದರೆ ಅದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪಿನ ತುಣುಕು ಮೆದುಳಿಗೆ ಹೋಗುತ್ತದೆ. ಇದನ್ನು ಪತ್ತೆಹಚ್ಚುವುದು ಇ.ಸಿ.ಜಿ. ಅಮೆರಿಕ, ಯೂರೋಪಿನ ವೈದ್ಯರ ತರ್ಕ ಇಲ್ಲಿಗೆ ಮುಗಿಯುತ್ತದೆ: ಕಂಪನ ಕಂಡಿತು, ಹೆಪ್ಪುರೋಧಕ ಕೊಡಲೇಬೇಕು, ಇನ್ನು ಎಕೋದಿಂದ ತಿಳಿಯುವುದೇನು? ಎಕೋದ 'ಫಲ' ಲೆಕ್ಕ ಹಾಕುವವರು ಇಂಥ ರೋಗಿಗಳಲ್ಲಿ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ ಎಂದು ಬರೆದುಕೊಳ್ಳುತ್ತಾರೆ.

ನಮ್ಮಲ್ಲಿ ತರ್ಕ ಇಲ್ಲಿಂದಲೇ ಆರಂಭವಾಗಬೇಕು. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟು, ಅದಕ್ಕೆ ದೇಹ ತೋರುವ ಪ್ರತಿಕ್ರಿಯೆಯಿಂದ ರುಮ್ಯಾಟಿಕ್ ಜ್ವರ ಬಂದು, ಹತ್ತಾರು ವರ್ಷಗಳ ನಂತರ ಮೈಟ್ರಲ್ ಕವಾಟದ ಎಸಳುಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಳ್ಳುವ ಕಾಯಿಲೆ ಶ್ರೀಮಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಇಕ್ಕಟ್ಟಿನ ಮನೆ, ಬಡತನ, ಚಿಕಿತ್ಸೆಯಿಲ್ಲದ ಗಂಟಲುನೋವು ಇರುವ ಕಡೆ ಮರೆಯಾಗಿಲ್ಲ. ಕವಾಟ ಕಿರಿದಾದವರಿಗೆ ಕಂಪನವೂ ಸೇರಿಕೊಂಡರೆ ಲಕ್ವಾದ ಅಪಾಯ ಹಲವು ಪಟ್ಟು ಏರುತ್ತದೆ. ಇವರಲ್ಲಿ ಹೆಂಗಸರೇ ಹೆಚ್ಚು, ಅದೂ ಮೂವತ್ತು, ನಲವತ್ತು, ಐವತ್ತರ ವಯಸ್ಸಿನವರು.

ಹೆಪ್ಪುರೋಧಕಗಳಲ್ಲಿ ಈಗ ಎರಡು ಬಗೆ. ಹಳೆಯದು ವಾರ್ಫರಿನ್ ಮತ್ತು ಅದರ ಬಳಗದ ಅಸಿನೊಕೌಮರಾಲ್. ಇವನ್ನು ಸೇವಿಸುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಪದೇ ಪದೇ ಮಾಡಿಸಿಕೊಂಡು, ಬೆಲೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರುವಂತೆ ಮಾತ್ರೆಯ ಪ್ರಮಾಣ ಹೊಂದಿಸಿಕೊಳ್ಳಬೇಕು. ಹೊಸವು ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್. ಇವಕ್ಕೆ ಆ ಪರೀಕ್ಷೆ ಬೇಡ, ಪಥ್ಯದ ಗೊಡವೆಯೂ ಕಡಿಮೆ, ಭಾರತದ ಕಂಪನಿಗಳೇ ತಯಾರಿಸುತ್ತಿರುವುದರಿಂದ ಬೆಲೆಯೂ ಇಳಿದಿದೆ. ದೂರದ ಹಳ್ಳಿಯ ರೋಗಿಗೆ ಹೊಸ ಮಾತ್ರೆಯೇ ವಾಸಿ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಹೊಸ ಔಷಧಿಗಳಿಗೆ ಮನ್ನಣೆ ತಂದುಕೊಟ್ಟ 2009 ಮತ್ತು 2011ರ ದೊಡ್ಡ ಪ್ರಯೋಗಗಳು ಮೈಟ್ರಲ್ ಕವಾಟ ಗಣನೀಯವಾಗಿ ಕಿರಿದಾದವರನ್ನು ಸೇರಿಸಿಕೊಂಡೇ ಇರಲಿಲ್ಲ! ಅಂದರೆ ನಮ್ಮ ರೋಗಿ ಆ ಲೆಕ್ಕದಲ್ಲೇ ಇಲ್ಲ.

ಈ ಲೋಪವನ್ನು ತುಂಬಿದ್ದು 2022ರಲ್ಲಿ ಪ್ರಕಟವಾದ 'ಇನ್ವಿಕ್ಟಸ್' ಪ್ರಯೋಗ. ಆಫ್ರಿಕ, ಏಷ್ಯ ಮತ್ತು ಲ್ಯಾಟಿನ್ ಅಮೆರಿಕದ 24 ದೇಶಗಳಲ್ಲಿ ನಡೆದ ಇದರಲ್ಲಿ ಭಾರತದ ರೋಗಿಗಳೂ ಇದ್ದರು. ಎಲ್ಲರಿಗೂ ರುಮ್ಯಾಟಿಕ್ ಹೃದ್ರೋಗವಿರುವುದು ಎಕೋದಿಂದ ಖಚಿತವಾಗಿತ್ತು, ಎಲ್ಲರಿಗೂ ಹೃತ್ಕರ್ಣದ ಕಂಪನವಿತ್ತು. ಸರಾಸರಿ ವಯಸ್ಸು 50ರ ಆಸುಪಾಸು, ಶೇಕಡಾ 72 ಮಂದಿ ಮಹಿಳೆಯರು. ರಿವರಾಕ್ಸಬಾನ್ ಪಡೆದ 2,275 ಮಂದಿಯಲ್ಲಿ 560 ಜನರಿಗೆ ಲಕ್ವಾ, ಹೃದಯಾಘಾತ, ರಕ್ತನಾಳ ಸಂಬಂಧಿ ಸಾವು ಮುಂತಾದ ಅನಾಹುತಗಳಲ್ಲಿ ಒಂದಾದರೂ ಸಂಭವಿಸಿತು. ವಾರ್ಫರಿನ್ ಬಳಗದ ಔಷಧಿ ಪಡೆದ 2,256 ಮಂದಿಯಲ್ಲಿ ಈ ಸಂಖ್ಯೆ 446. ಹೊಸದೇ ಮೇಲಾದೀತು ಎಂಬ ನಿರೀಕ್ಷೆ ಹುಸಿಯಾಯಿತು, ಹಳೆಯದು ಗೆದ್ದಿತು.

ಇನ್ವಿಕ್ಟಸ್ ಅನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಯಾರಿಗೆ ಯಾವ ಮಾತ್ರೆ ಎಂಬುದು ರೋಗಿಗೂ ವೈದ್ಯನಿಗೂ ತಿಳಿದಿದ್ದ ಪ್ರಯೋಗವದು. ಲಕ್ವಾದಲ್ಲಿ ವ್ಯತ್ಯಾಸವಿತ್ತಾದರೂ (90ಕ್ಕೆ ಪ್ರತಿಯಾಗಿ 65), ಒಟ್ಟು ಅಂತರದ ದೊಡ್ಡ ಪಾಲು ಬಂದದ್ದು ಸಾವುಗಳಿಂದ. ಹೆಪ್ಪುರೋಧಕವೊಂದು ಹೃದಯ ವೈಫಲ್ಯದ ಸಾವನ್ನು ಹೇಗೆ ತಡೆಯುತ್ತದೆ ಎಂಬುದಕ್ಕೆ ತೃಪ್ತಿಕರ ವಿವರಣೆ ಇಲ್ಲ. ರಕ್ತಪರೀಕ್ಷೆಯ ನೆಪದಲ್ಲಿ ಮತ್ತೆ ಮತ್ತೆ ವೈದ್ಯರ ಮುಖ ಕಂಡದ್ದೇ ಗುಣವಾಗಿ ಪರಿಣಮಿಸಿರಬಹುದು ಎಂಬ ಅನುಮಾನ ನನಗಿದೆ. ಇತರರೂ ಇದನ್ನು ಎತ್ತಿದ್ದಾರೆ. ಹಾಗಿದ್ದರೂ ಒಂದು ಅಂಶ ನಮಗೆ ಬಹು ಮುಖ್ಯ. ಪ್ರಯೋಗಕ್ಕೆ ಸೇರುವಾಗ ವಾರ್ಫರಿನ್ ಗುಂಪಿನ ಮೂರನೇ ಒಂದು ಭಾಗದವರ ಐ.ಎನ್.ಆರ್. ಮಾತ್ರ ಸರಿಯಾದ ಮಟ್ಟದಲ್ಲಿತ್ತು. ಮುಂದಿನ ಭೇಟಿಗಳಲ್ಲಿ ಅದು ಶೇಕಡಾ 56ರಿಂದ 65ಕ್ಕೆ ಏರಿತು, ಅಷ್ಟೆ. ಅಂದರೆ ಅಪರಿಪೂರ್ಣವಾಗಿ ನಡೆದ ವಾರ್ಫರಿನ್ ಚಿಕಿತ್ಸೆಯೂ ಇವರಿಗೆ ಒದಗಿಬಂತು. 'ಹಳ್ಳಿಯವರಿಂದ ವಾರ್ಫರಿನ್ ಸಾಗದು' ಎಂದು ಮುಂಚೆಯೇ ಕೈಚೆಲ್ಲುವವರು ಈ ಅಂಕಿಗಳನ್ನು ನೋಡಬೇಕು.

ಈಗ ಮಾರ್ಗಸೂಚಿಯ ತರ್ಕಕ್ಕೆ ಮರಳೋಣ. ಇ.ಸಿ.ಜಿ.ಯಲ್ಲಿ ಕಂಪನ ಕಂಡ ಜೇವರ್ಗಿಯ ನಲವತ್ತೈದು ವರ್ಷದ ಹೆಣ್ಣುಮಗಳಿಗೆ ಎಕೋ ಬೇಕಾಗಿರುವುದು ಲಕ್ವಾದ ಕಾರಣ ಹುಡುಕಲಿಕ್ಕಲ್ಲ, ಕಾರಣ ಸಿಕ್ಕಿಯಾಗಿದೆ. ಬೇಕಾಗಿರುವುದು ಯಾವ ಮಾತ್ರೆ ಎಂದು ಆರಿಸಲಿಕ್ಕೆ. ಕವಾಟ ಸರಿಯಿದ್ದರೆ ಹೊಸದು, ಕಿರಿದಾಗಿದ್ದರೆ ವಾರ್ಫರಿನ್. ಇನ್ನೂ ಮುಂದೆ ಹೋದರೆ, ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸಬಹುದೇ ಎಂಬುದನ್ನೂ ಎಕೋವೇ ಹೇಳಬೇಕು.

ಹಡಗುಕಟ್ಟೆಯಿಂದ ಹೃದಯಕ್ಕೆ

ಇಲ್ಲಿ ಭೌತವಿಜ್ಞಾನದ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆ. ಎಕೋ ಹುಟ್ಟಿದ್ದೇ ಮೈಟ್ರಲ್ ಕವಾಟಕ್ಕಾಗಿ. ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್‌ಗೆ, ಶಸ್ತ್ರಚಿಕಿತ್ಸೆಗೆ ಮುನ್ನ ಕವಾಟ ಕಿರಿದಾಗಿದೆಯೋ ಸೋರುತ್ತಿದೆಯೋ ಎಂದು ಖಚಿತವಾಗಿ ತಿಳಿಯುವ ದಾರಿ ಬೇಕಾಗಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ನೆರವಿಗೆ ಬಂದ. ಇವನ ತಂದೆ ನೊಬೆಲ್ ಪುರಸ್ಕೃತ ಗುಸ್ಟಾವ್ ಹರ್ಟ್ಸ್. ಮಾಲ್ಮೋ ಬಂದರಿನ ಹಡಗುಕಟ್ಟೆಯಲ್ಲಿ ಲೋಹದ ಒಳಬಿರುಕು ಪತ್ತೆಹಚ್ಚಲು ಬಳಸುತ್ತಿದ್ದ ಶ್ರವಣಾತೀತ ತರಂಗದ ಉಪಕರಣವನ್ನು ಹರ್ಟ್ಸ್ ತನ್ನ ಎದೆಗೇ ಹಿಡಿದು ನೋಡಿದ! 1953ರಲ್ಲಿ ಇಬ್ಬರೂ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು.

ಕವಾಟದ ಒತ್ತಡವನ್ನು ಚುಚ್ಚದೆ ಅಳೆಯುವ ಸೂತ್ರವೂ ಪಿ.ಯು.ಸಿ. ವಿದ್ಯಾರ್ಥಿಗೆ ಪರಿಚಿತವೇ. ಕಿರಿದಾದ ದಾರಿಯಲ್ಲಿ ರಕ್ತದ ವೇಗ ಹೆಚ್ಚುತ್ತದೆ, ಡಾಪ್ಲರ್ ಪರಿಣಾಮದಿಂದ ಆ ವೇಗ ತಿಳಿಯುತ್ತದೆ. ಬರ್ನೂಲಿಯ ನಿಯಮದಂತೆ ಒತ್ತಡದ ವ್ಯತ್ಯಾಸ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ. ರಕ್ತದ ಸಾಂದ್ರತೆ ಘನಮೀಟರಿಗೆ 1,060 ಕಿಲೋಗ್ರಾಂ. ಅರ್ಧ ಮಾಡಿ, ಪಾದರಸದ ಮಿಲಿಮೀಟರಿಗೆ ಬದಲಾಯಿಸಲು 133ರಿಂದ ಭಾಗಿಸಿದರೆ ಉಳಿಯುವುದು ಹೆಚ್ಚುಕಡಿಮೆ 4. ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಒತ್ತಡದ ಅಂತರ 4 ಮಿ.ಮೀ., ವೇಗ 2 ಮೀಟರ್ ಆದರೆ 16 ಮಿ.ಮೀ. ಆರೋಗ್ಯವಂತರ ಮೈಟ್ರಲ್ ಕವಾಟದ ತೆರಪು 4ರಿಂದ 6 ಚದರ ಸೆಂ.ಮೀ.; 1.5ಕ್ಕೆ ಇಳಿದರೆ ತೀವ್ರ ಕಾಯಿಲೆ. ಇಷ್ಟು ದೊಡ್ಡ ಬದಲಾವಣೆಯನ್ನು ಕಾಣಲು ದುಬಾರಿ ಯಂತ್ರವೇ ಬೇಕೆಂದಿಲ್ಲ.

ಆದರೆ ಅದೇ ಯಂತ್ರಕ್ಕೆ ಆಗದ ಕೆಲಸವೊಂದಿದೆ. ಎಕೋ ವರದಿಯ ಕೊನೆಯಲ್ಲಿ 'ಹೆಪ್ಪು ಇಲ್ಲ' ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಸಾಮಾನ್ಯವಾಗಿ ಇರುತ್ತದೆ. ಮನೆಯವರು ಅದನ್ನು ಓದಿಸಿಕೊಂಡು 'ಹಾರ್ಟ್ ಛಲೋ ಐತ್ರಿ' ಎಂದು ಸಮಾಧಾನ ಪಡುತ್ತಾರೆ. ಕೆಲವೊಮ್ಮೆ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಕಂಪಿಸುವ ಹೃತ್ಕರ್ಣದಲ್ಲಿ ಹೆಪ್ಪು ಹೆಚ್ಚಾಗಿ ಕೂರುವುದು ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಪುಟ್ಟ ಚೀಲದಲ್ಲಿ. ಎದೆಯ ಮೇಲಿಟ್ಟ ಸಂವೇದಕಕ್ಕೆ ಅದು ಬಹಳ ಹಿಂದೆ, ಆಳದಲ್ಲಿದೆ. ಸಣ್ಣ ವಸ್ತು ಕಾಣಬೇಕಾದರೆ ತರಂಗದೂರ ಚಿಕ್ಕದಿರಬೇಕು, ಅಂದರೆ ಆವೃತ್ತಿ ಹೆಚ್ಚಿರಬೇಕು. ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಆವೃತ್ತಿ 2.5 ಮೆಗಾಹರ್ಟ್ಸ್ ಆದರೆ ತರಂಗದೂರ 0.6 ಮಿ.ಮೀ., 7 ಮೆಗಾಹರ್ಟ್ಸ್ ಆದರೆ 0.2 ಮಿ.ಮೀ. ಹಾಗಾದರೆ ಎದೆಯ ಮೇಲೂ 7 ಮೆಗಾಹರ್ಟ್ಸ್ ಬಳಸಬಾರದೇಕೆ? ಅಂಗಾಂಶವು ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಡೆಸಿಬೆಲ್‌ನಷ್ಟು ಧ್ವನಿಯನ್ನು ನುಂಗುತ್ತದೆ. 15 ಸೆಂ.ಮೀ. ಆಳಕ್ಕೆ ಹೋಗಿ ಬರುವುದೆಂದರೆ 30 ಸೆಂ.ಮೀ. ಪಯಣ. 2.5 ಮೆಗಾಹರ್ಟ್ಸ್‌ನಲ್ಲಿ ನಷ್ಟ 37.5 ಡೆಸಿಬೆಲ್, ತೀವ್ರತೆ ಸುಮಾರು 5,600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ನಷ್ಟ 105 ಡೆಸಿಬೆಲ್. ಅಂದರೆ ಮೂರು ಸಾವಿರ ಕೋಟಿಯಲ್ಲಿ ಒಂದು ಪಾಲು! ಆದ್ದರಿಂದಲೇ ಆ ಚೀಲವನ್ನು ನೋಡಲು ಸಂವೇದಕವನ್ನು ಅನ್ನನಾಳದೊಳಗೆ ಇಳಿಸುತ್ತಾರೆ. ಅಲ್ಲಿ ಹೃತ್ಕರ್ಣ ಕೆಲವೇ ಸೆಂಟಿಮೀಟರ್ ದೂರ.

ಹಾಗಾಗಿ ಎದೆಯ ಮೇಲಿನ ಎಕೋ ನೋಡಿ 'ಹೆಪ್ಪು ಇಲ್ಲ' ಎಂದು ಬರೆಯುವುದು ಸರಿಯಲ್ಲ. 'ಈ ಪರೀಕ್ಷೆಯಲ್ಲಿ ಕಾಣಲಿಲ್ಲ. ಚೀಲ ಕಾಣುವುದಿಲ್ಲ' ಎಂದು ಬರೆಯಬೇಕು. ಪ್ರತಿಯೊಂದು ಅಳತೆಗೂ ಉಪಕರಣದ ಮಿತಿಯನ್ನು ಜೊತೆಗೇ ನಮೂದಿಸಬೇಕೆಂದು ನಾವು ಬಿ.ಎಸ್ಸಿ. ಮೊದಲ ವರ್ಷದಲ್ಲೇ ಕಲಿಸುತ್ತೇವೆ. ಆಸ್ಪತ್ರೆಯ ವರದಿಗೆ ಆ ನಿಯಮ ಏಕಿಲ್ಲ?

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತಿದೆ. 'ಎಡ ಹೃತ್ಕರ್ಣ ಸ್ವಲ್ಪ ಹಿಗ್ಗಿದೆ' ಎಂಬ ವರದಿಯನ್ನಷ್ಟೇ ನೋಡಿ, ಕಂಪನವಿಲ್ಲದವರಿಗೂ ಹೆಪ್ಪುರೋಧಕ ಬರೆದುಕೊಡುವುದುಂಟು. ಹಿಗ್ಗಿದ ಕೋಣೆಯಲ್ಲಿ ರಕ್ತ ನಿಧಾನವಾಗುತ್ತದೆ, ನಿಧಾನವಾದದ್ದು ಹೆಪ್ಪಾಗುತ್ತದೆ ಎಂಬ ವಾದ ಕಿವಿಗೆ ಹಿತವಾಗಿದೆ. ಪ್ರಯೋಗ ಅದನ್ನು ಒಪ್ಪಲಿಲ್ಲ. 2024ರಲ್ಲಿ ಪ್ರಕಟವಾದ 'ಆರ್ಕೇಡಿಯಾ' ಪ್ರಯೋಗದಲ್ಲಿ ಕಾರಣ ತಿಳಿಯದ ಲಕ್ವಾ ಆಗಿದ್ದು, ಹೃತ್ಕರ್ಣ ಸರಿಯಿಲ್ಲವೆಂದು ಎಕೋ, ಇ.ಸಿ.ಜಿ. ಅಥವಾ ರಕ್ತಪರೀಕ್ಷೆ ಸೂಚಿಸಿದ್ದ 1,015 ಮಂದಿಯಿದ್ದರು. ಅರ್ಧ ಜನರಿಗೆ ಅಪಿಕ್ಸಬಾನ್, ಉಳಿದವರಿಗೆ ಆಸ್ಪಿರಿನ್. ಮತ್ತೆ ಲಕ್ವಾ ಆದವರು ಆ ಗುಂಪಿನಲ್ಲೂ 40, ಈ ಗುಂಪಿನಲ್ಲೂ 40! ಅದಕ್ಕೂ ಮುಂಚೆ, 2018ರ 'ನ್ಯಾವಿಗೇಟ್' ಪ್ರಯೋಗದಲ್ಲಿ 7,213 ರೋಗಿಗಳಿಗೆ ರಿವರಾಕ್ಸಬಾನ್ ಅಥವಾ ಆಸ್ಪಿರಿನ್ ಕೊಟ್ಟಾಗ ಲಕ್ವಾ ಕಡಿಮೆಯಾಗಲಿಲ್ಲ, ರಿವರಾಕ್ಸಬಾನ್ ಪಡೆದವರಲ್ಲಿ ರಕ್ತಸ್ರಾವ ಮಾತ್ರ ಹೆಚ್ಚಿತು.

ಹೃತ್ಕರ್ಣಗಳ ನಡುಗೋಡೆಯಲ್ಲಿ ಹುಟ್ಟಿನಿಂದ ಉಳಿದ ಕಿಂಡಿಯ ಬಗ್ಗೆ ಒಂದೇ ಮಾತು. ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಇರುತ್ತದೆ. ಅರವತ್ತರೊಳಗಿನ, ಬೇರಾವ ಕಾರಣವೂ ಸಿಗದ, ಕಿಂಡಿ ದೊಡ್ಡದಿರುವ ರೋಗಿಗಳಲ್ಲಿ ಅದನ್ನು ಮುಚ್ಚುವುದರಿಂದ ಲಾಭವಿದೆಯೆಂದು 2017ರ ಪ್ರಯೋಗಗಳು ತೋರಿಸಿವೆ. ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು ಎಲ್ಲವೂ ಇರುವ ಅರವತ್ತೈದರ ಹಿರಿಯರಲ್ಲಿ ಕಿಂಡಿ ಕಂಡರೆ ಅದು ಲಕ್ಷಾಂತರ ರೂಪಾಯಿಯ ದಾರಿತಪ್ಪು.

ಭೀಮೆಯ ಆಚೆ ಈಚೆ

ಆಳಂದವೂ ಜೇವರ್ಗಿಯೂ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ 60ರ ಹತ್ತಿರ. ಆಳಂದ, ಅಫಜಲಪುರದ ಗಡಿ ಹಳ್ಳಿಗಳವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಎಕೋ ಒಮ್ಮೆ ಮಾಡಿಸಿಕೊಳ್ಳುವುದು ಈ ಮೂರು ತಾಲ್ಲೂಕಿನವರಿಗೆ ಈಗ ಅಸಾಧ್ಯವೇನಲ್ಲ. ಕಷ್ಟ ಇರುವುದು ಅದರ ಮುಂದೆ. ವಾರ್ಫರಿನ್ ಬರೆದುಕೊಟ್ಟ ಮೇಲೆ ಐ.ಎನ್.ಆರ್. ಪರೀಕ್ಷೆಗೆ ಪ್ರತಿ ಸಲವೂ ಬಸ್ಸು ಹತ್ತಿ ಕಲಬುರಗಿಗೇ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರದೂ ಹೋಗುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಯಾರೂ ಬರುವುದಿಲ್ಲ. ಪುಣೆ, ಮುಂಬಯಿಗೆ ದುಡಿಯಲು ಹೋದವರ ಕಾರ್ಡು ಊರಲ್ಲೇ ಉಳಿಯುತ್ತದೆ.

ಊಟದ ಸಲಹೆಯೂ ಇಂಥದ್ದೇ. 'ಸೊಪ್ಪು ತಿನ್ನಬೇಡಿ' ಎಂದು ಹೇಳಿ ಕಳುಹಿಸುವುದನ್ನು ಕೇಳಿದ್ದೇನೆ. ಪುಂಡಿ ಪಲ್ಯ, ಮೆಂತ್ಯ, ಹಕ್ಕರಕಿ ಇಲ್ಲದೆ ಜೋಳದ ರೊಟ್ಟಿ ಇಳಿಯುವುದು ಹೇಗೆ? ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಪ್ರಭಾವವನ್ನು ತಗ್ಗಿಸುವುದು ನಿಜ. ಅದಕ್ಕೆ ಪರಿಹಾರ ಸೊಪ್ಪು ಬಿಡುವುದಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವುದು. ತಿನ್ನುವ ರೂಢಿಗೆ ಮಾತ್ರೆಯನ್ನು ಹೊಂದಿಸಬೇಕೇ ಹೊರತು ಮಾತ್ರೆಗೆ ರೂಢಿಯನ್ನಲ್ಲ. ಕಡಲೆ ಹೊಲದಲ್ಲಿ ಎಳೆಯ ಸೊಪ್ಪು ಬರುವ ತಿಂಗಳಲ್ಲಿ ಒಂದು ಹೆಚ್ಚಿನ ರಕ್ತಪರೀಕ್ಷೆ ಮಾಡಿಸಿ ಎಂದರೆ ಸಾಕು, ರೈತರಿಗೆ ಅರ್ಥವಾಗುತ್ತದೆ. ಹೆರಿಗೆ ವಯಸ್ಸಿನ ಮಹಿಳೆಯರಿಗೆ ಇನ್ನೊಂದು ಮಾತನ್ನು ಹೇಳಲೇಬೇಕು: ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು, ಆದ್ದರಿಂದ ಮುಟ್ಟು ತಪ್ಪಿದ ಕೂಡಲೇ ವೈದ್ಯರನ್ನು ಕಾಣಬೇಕು.

ಅಂಗೈಯಲ್ಲಿ ಹಿಡಿಸುವ ಎಕೋ ಯಂತ್ರ ಬಂದಿದೆ, ಅದನ್ನು ಹಳ್ಳಿಗೇ ಒಯ್ಯಬಹುದಲ್ಲ ಎಂದು ಉತ್ಸಾಹಿಗಳು ಕೇಳುತ್ತಾರೆ. ಭಾರತದಲ್ಲಿ ಅದು ಅಷ್ಟು ಸುಲಭವಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಶ್ರವಣಾತೀತ ಯಂತ್ರಗಳು ನೋಂದಣಿಯಾಗಿರಬೇಕು. ಒಯ್ಯಬಲ್ಲ ಯಂತ್ರಗಳ ಬಳಕೆಗೆ 2012ರ ನಿಯಮಗಳು ಬಿಗಿಯಾದ ಕಟ್ಟುಪಾಡು ಹಾಕಿವೆ. ಕಾಯ್ದೆಯ ಅಗತ್ಯವನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ನೋಂದಾಯಿತ ತಾಲ್ಲೂಕು ಆಸ್ಪತ್ರೆಯೊಳಗೆ, ತರಬೇತಿ ಪಡೆದ ವೈದ್ಯರು ಮೈಟ್ರಲ್ ಕವಾಟವೊಂದನ್ನೇ ನೋಡಿ, ಚಿತ್ರವನ್ನು ಕಲಬುರಗಿಯ ತಜ್ಞರಿಗೆ ಕಳುಹಿಸುವುದಕ್ಕೆ ಅದು ಅಡ್ಡಿಯಲ್ಲ. ಹೃದಯಾಘಾತದ ಇ.ಸಿ.ಜಿ.ಯನ್ನು ತಾಲ್ಲೂಕಿನಿಂದ ದೂರದ ತಜ್ಞರಿಗೆ ಕಳುಹಿಸುವ ಪದ್ಧತಿ ರಾಜ್ಯದಲ್ಲಿ ಈಗಾಗಲೇ ಇದೆ. ಲಕ್ವಾ ರೋಗಿಯ ಇ.ಸಿ.ಜಿ.ಗೂ ಅದೇ ದಾರಿ ಸಾಕು. ಕಂಪನ ಕಂಡವರ ಹೆಸರನ್ನು ಎಕೋ ಸರದಿಯಲ್ಲಿ ಮೊದಲಿಗೆ ಬರೆಯಬೇಕು. ಐವತ್ತರೊಳಗಿನವರಿಗೆ, ಸ್ಟೆತಾಸ್ಕೋಪಿನಲ್ಲಿ ಮರ್ಮರ ಕೇಳಿದವರಿಗೆ, ಜ್ವರವಿರುವವರಿಗೆ, ಈಚೆಗೆ ಹೃದಯಾಘಾತವಾದವರಿಗೆ ಅನಂತರದ ಸ್ಥಾನ. ದೀರ್ಘಕಾಲದ ಬಿ.ಪಿ.ಯಿಂದ ಮೆದುಳಿನ ಸಣ್ಣ ರಕ್ತನಾಳ ಮುಚ್ಚಿ ಲಕ್ವಾ ಆದ ಎಪ್ಪತ್ತರ ಅಜ್ಜನಿಗೆ ಬಿ.ಪಿ. ಮಾತ್ರೆ ತಪ್ಪದೆ ಸಿಗುವುದು ಎಕೋಗಿಂತ ಮುಖ್ಯ.

ವರದಿಯ ಹಾಳೆಯ ಬಗ್ಗೆ ಕೊನೆಯದಾಗಿ ಒಂದು ಬೇಡಿಕೆ. ಇಂಗ್ಲಿಷಿನ ಇಪ್ಪತ್ತು ಅಳತೆಗಳು ಇರಲಿ, ಅವು ತಜ್ಞರಿಗೆ ಬೇಕು. ಅವುಗಳ ಕೆಳಗೆ ಕನ್ನಡದಲ್ಲಿ ಮೂರು ಸಾಲು ಅಚ್ಚಾಗಲಿ: ಮೈಟ್ರಲ್ ಕವಾಟ ಕಿರಿದಾಗಿದೆಯೇ, ಆಗಿದ್ದರೆ ತೆರಪು ಎಷ್ಟು ಚದರ ಸೆಂ.ಮೀ.; ಹೃತ್ಕರ್ಣದ ಚೀಲವನ್ನು ನೋಡಲಾಯಿತೇ ಇಲ್ಲವೇ; ಮುಂದಿನ ಐ.ಎನ್.ಆರ್. ಪರೀಕ್ಷೆ ಯಾವ ದಿನ, ಯಾವ ಊರಿನಲ್ಲಿ. ಆ ಮೂರನೆಯ ಸಾಲಿನಲ್ಲಿ 'ಕಲಬುರಗಿ' ಎಂದು ಬರೆಯುವ ಬದಲು 'ಅಫಜಲಪುರ' ಎಂದು ಬರೆಯುವಂತಾಗಬೇಕಾದರೆ ಅಲ್ಲಿನ ಸರಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆ ಪರೀಕ್ಷೆಯ ರಾಸಾಯನಿಕಗಳು ವರ್ಷದ ಹನ್ನೆರಡು ತಿಂಗಳೂ ಇರಬೇಕು.